ಗಡಿಗಲ್ಲಿಗೆ ಒಂದು ಗೇಣು

ಒಳ್ಳೆಯ ಒಗ್ಗರಣೆಯ ವಾಸನೆ ಹಿಡಿದು ಮನೆಗಳು ಹೊರಡುವುದು ಆ ಊರಿಗೆ ಹೊಸದಲ್ಲ. ಆದರೆ ಹೊಸ್ತಿಲು ಗಡಿಗಲ್ಲು ದಾಟಿತೆಂದರೆ ಮನೆ ಪಕ್ಕದವರದು. ಮಲ್ಲೇಶಪ್ಪನದು ಚಿಕ್ಕ ಮನೆ, ದೊಡ್ಡ ಜಾಗ. ಪಕ್ಕದ ಮನೆಯತ್ತ ಹೊರಟ ಅದು ಗಡಿಯ ಹತ್ತಿರ ಬರಲು ಅದಕ್ಕೇ ಎರಡು ದಿನ ಹಿಡಿದಿತ್ತು. ಈಗ ಉಳಿದಿದ್ದು ಒಂದೇ ಗೇಣು.

"ಕೈ ಮುಗೀತೀನಿ, ಒಲಿ ಹಚ್ಚು," ಎಂದು ಹೆಂಡತಿಯನ್ನು ಬೇಡಿಕೊಂಡ.

ನೀಲವ್ವ ಕಟ್ಟೆಯಿಂದ ಏಳಲಿಲ್ಲ. "ಬೀಗರ ಮುಂದ ಪಕ್ಕದ ಕಾಶವ್ವನ ಸಾರೇ ಛಲೋ ಅಂದ್ರಲ್ಲ? ಮನಿನೂ ಅಲ್ಲಿಗೇ ಹೊಂಟೈತಿ."

ಅವನೇ ಒಳಗೆ ಓಡಿ ಒಗ್ಗರಣೆಗಿಟ್ಟ. ಮನೆ ನಿಂತಿತು. ಅಷ್ಟರಲ್ಲಿ ಸಾಸಿವೆ ಸೀದು ಹೋಯಿತು. ಮನೆ ಮೊದಲಿಗಿಂತ ಜೋರಾಗಿ ಹೊರಟಿತು. ಹೊಸ್ತಿಲು ಗಡಿಗಲ್ಲಿಗೆ ತಾಗಿ ಕರಕರ ಎಂದಿತು.

"ನಿನ್ನ ಸಾರೇ ಛಲೋ, ಮಾರಾಯ್ತಿ!"

"ಕಾಶವ್ವಗ ಕೇಳೂ ಹಂಗ ಹೇಳ್ರಿ."

ಅವನು ಕಿಟಕಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ.

ನೀಲವ್ವ ಸೆರಗು ಸಿಕ್ಕಿಸಿ ಒಳಗೆ ಬಂದು ಅವನ ಕೈಯಿಂದ ಸೌಟು ಕಸಿದುಕೊಂಡಳು. ಬಿಸಿ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಬಿತ್ತು, ಕರಿಬೇವು ಚಟಪಟ ಎಂದಿತು. ಮನೆ ದಣಿದ ಎತ್ತಿನಂತೆ ನಿಂತಲ್ಲೇ ಕೂತಿತು.

ಮಲ್ಲೇಶಪ್ಪ ಉಸಿರು ಬಿಡುವಷ್ಟರಲ್ಲಿ ಗಡಿಗಲ್ಲಿನ ಆಚೆಯಿಂದ ಕಾಶವ್ವ ಚೀರಿದಳು: "ಅಯ್ಯಯ್ಯ, ನಮ್ಮ ಮನಿ ಹೊಂಟ್ತವ್ವೋ!"

ನೀಲವ್ವ ಇನ್ನೆರಡು ಎಸಳು ಬೆಳ್ಳುಳ್ಳಿ ಜಜ್ಜಿದಳು.