ದಿನದ ಓದು

ಸಾಲೋಮಿಗೆ ಮರೆವಿನ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಹೆತ್ತ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ಕೀರ್ತನೆ ಓದಿದಾಗ ಮಾತ್ರ ಅವಳ ತುಟಿ ಅಲುಗುತ್ತಿತ್ತು. ಅದೊಂದೇ ಆಸೆ ಹಿಡಿದು ಗಂಡ ಜಯಶೀಲ ದಿನಾ ಬೆಳಿಗ್ಗೆ ಮಂಚದ ಪಕ್ಕ ಕೂತು ಬೈಬಲ್ ಓದುತ್ತಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ.

ಅಂದು ಅವನು ಓದುವುದನ್ನು ಅರ್ಧಕ್ಕೇ ನಿಲ್ಲಿಸಿದ. "ಸಾಲೂ, ಒಂದ್ ಸಲ ನನ್ನ ನೋಡು. ನಾ ಯಾರು ಹೇಳು," ಎಂದು ಅಂಗಲಾಚಿದ.

ಅವಳು ನೋಡಿದಳು. ಎಷ್ಟೋ ತಿಂಗಳ ಮೇಲೆ ಕಣ್ಣಲ್ಲಿ ಕಳೆ ಬಂದಿತ್ತು. ಮೆಲ್ಲಗೆ ಅವನ ಕೈ ಹಿಡಿದಳು. ಜಯಶೀಲ ಉಸಿರು ಬಿಗಿಹಿಡಿದ.

"ಭಾಳ ಚಲೋ ಓದ್ತೀರಿ ಅಣ್ಣಾರ. ಆದ್ರ ಲಗೂ ಹೋಗ್ರಿ," ಎಂದು ಬಾಗಿಲತ್ತ ನೋಡುತ್ತ ಪಿಸುಗುಟ್ಟಿದಳು. "ನಮ್ಮ ಮನಿಯವರು ಬರೂ ಹೊತ್ತಾತು. ಬೈಬಲ್ ಕಂಡ್ರ ಹರಿದು ಒಲಿಗೆ ಹಾಕ್ತಾರ."