ಹೊಸ್ತಿಲ ಮೇಲಿನ ಗ್ರಾಫು

ಸೌಂದರ್ಯಳ ಸೀಮೆಸುಣ್ಣ ಹೊಸ್ತಿಲಿಗೆ ನಾಲ್ಕು ಬೆರಳು ಉಳಿದಿರುವಾಗ ಗಕ್ಕನೆ ನಿಂತಿತು.

“ಯಾಕೆ ನಿಲ್ಸಿದೆ?” ಜಗಲಿಯ ಚಾಪೆಯಿಂದ ಅರುಣಾ ಕೇಳಿದಳು.

“ಹೊಸ್ತಿಲು ಅಸಿಂಪ್ಟೋಟ್ ಅಲ್ವಾ ಮಿಸ್! ಗೆರೆ ಅದರ ಹತ್ತಿರ ಹೋಗ್ಬಹುದು, ಮುಟ್ಟಬಾರದು.”

ಮುಟ್ಟಬಾರದು! ಲೆಕ್ಕದ ಪುಸ್ತಕ ತೆರೆಯುವ ಮೊದಲೇ ಆ ಮನೆಯ ಮಕ್ಕಳಿಗೆ ಬಾಯಿಪಾಠವಾಗಿದ್ದ ಮಾತದು. ಜಾವಳಿಯ ಆ ತೋಟದ ಮನೆಯಲ್ಲಿ ಪಾಠ ನಡೆಯುತ್ತಿದ್ದುದೂ ಹಾಗೆಯೇ: ಬಿ.ಎಸ್ಸಿ. ಗಣಿತದಲ್ಲಿ ಡುಮ್ಕಿ ಹೊಡೆದ ಸೌಂದರ್ಯ, ಧಣಿಗಳ ಮಗಳು, ಒಳಗೆ, ಕಲಿಸುವವಳು ಹೊರಗೆ. ಅರುಣಾ ಅದೇ ತೋಟದ ಆಳು ಬೊಮ್ಮಯ್ಯನ ಮಗಳು, ಆಳುಗಳ ಲೈನ್‌ಮನೆಗಳಿಂದ ಎಂ.ಎಸ್ಸಿ. ಮಾಡಿದ ಮೊದಲಿಗಳು. ಒಳಗೆ ಕರೆದಾರೆಂದು ಒಂದು ದಿನವೂ ಕತ್ತು ಚಾಚಿದವಳಲ್ಲ. ಇವತ್ತು ಹೊಸ್ತಿಲನ್ನೇ ಎಕ್ಸ್ ಅಕ್ಷ ಮಾಡಿ, ಬಾಗಿಲಿನ ಎರಡು ಕಂಬಗಳ ಬುಡದಿಂದ ನೆಟ್ಟಗೆ ಗೆರೆ ಎಳೆಸಿದ್ದಳು.

“ಮೇಲೆ ಎಕ್ಸ್, ಕೆಳಗೆ ಎಕ್ಸ್ ಸ್ಕ್ವೇರ್ ಮೈನಸ್ ಒಂದು. ಛೇದ ಸೊನ್ನೆ ಆಗೋದೆಲ್ಲಿ?”

“ಪ್ಲಸ್ ಒಂದು, ಮೈನಸ್ ಒಂದು. ಈ ಎರಡು ಕಂಬ. ಲಂಬ ಅಸಿಂಪ್ಟೋಟ್.”

“ಅಲ್ಲಿ ದಾಟೋ ಹಂಗಿಲ್ಲ, ಸರಿ. ಹೊಸ್ತಿಲು?”

“ಛೇದದ ಘಾತ ದೊಡ್ಡದು, ಅದಕ್ಕೆ ಅಡ್ಡ ಅಸಿಂಪ್ಟೋಟ್. ಅಂಶದ ಘಾತ ಛೇದಕ್ಕಿಂತ ಒಂದು ಹೆಚ್ಚಿದ್ದಿದ್ರೆ ಓರೆ ಬರ್ತಿತ್ತು.”

“ಬಾಯಿಪಾಠ ಚಂದ ಇದೆ. ಅಡ್ಡ ಗೆರೆ ಮುಟ್ಟಬಾರದು ಅಂದೋರು ಯಾರು? ಅದು ದೂರ ದೂರದ ಸುದ್ದಿ ಹೇಳ್ತದೆ, ಅಷ್ಟೆ. ನಡುವಿನ ಸುದ್ದಿ ಲೆಕ್ಕ ಹಾಕಿಯೇ ನೋಡ್ಬೇಕು. ಎಕ್ಸ್‌ಗೆ ಸೊನ್ನೆ ಹಾಕು.”

ಸೌಂದರ್ಯ ತುಟಿಯಲ್ಲೇ ಲೆಕ್ಕ ಹಾಕಿದಳು. “ಸೊನ್ನೆ ಬಂತು... ಅಯ್ಯೋ, ಹೊಸ್ತಿಲ ಮೇಲೇ!”

“ಹಂಗಾದ್ರೆ ಎಳಿ.”

ಒಂದು ಕಂಬದ ಕಡೆಯಿಂದ ಬಂದ ಬಿಳಿ ಗೆರೆ ಹೊಸ್ತಿಲ ನಟ್ಟನಡುವೆ ಅರಿಶಿನದ ಮೇಲೆ ಹಾದು, ಕಾಫಿಗೆ ರೇಟು ಬಂದ ವರ್ಷ ಹಾಕಿಸಿದ ಜಗಲಿಯ ಕೆಂಪು ನೆಲಕ್ಕೆ ಇಳಿದು ಇನ್ನೊಂದು ಕಂಬದತ್ತ ಬಾಗಿತು. ನಡುಮನೆಯಿಂದ ಅಜ್ಜಿ ಕೃಷ್ಣಮ್ಮ ಧಾವಿಸಿ ಬಂದರು.

“ಲಕ್ಷ್ಮಿ ಇರೋ ಜಾಗ ಮಾರಾಯ್ತಿ! ಅಲ್ಲೆಂತ ಗೀಚೋದು? ಬೇಕಾದ್ರೆ ಇವತ್ತೊಂದಿನ ನೀನೇ ಒಳಗೆ ಬಂದು ಹೇಳ್ಕೊಡು ಅರುಣಾ.”

ಅರುಣಾ ಕೂತಲ್ಲಿಂದ ಅಲುಗಲಿಲ್ಲ. “ಇವತ್ತೊಂದಿನಕ್ಕೆ ಬರೋಳಲ್ಲ ಅಮ್ಮಾವ್ರೇ ನಾನು. ಕಲಿಸೋಳು ಇಲ್ಲಿದ್ದೀನಿ, ಕಲಿಯೋರು ಬರ್ಲಿ.”

ಸೌಂದರ್ಯ ಪುಸ್ತಕ ಎತ್ತಿಕೊಂಡು ಹೊಸ್ತಿಲು ದಾಟಿದಳು. ಚಾಪೆಯ ಮೇಲೆ ಅರುಣಾಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಗೆರೆಯನ್ನು ಈ ಕಡೆಯಿಂದ ನೋಡಿದವಳೇ ಕಣ್ಣರಳಿಸಿದಳು.

“ಅಜ್ಜೀ, ಹೊರಗಿಂದ ನೋಡಿದ್ರೂ ಒಳಗಿಂದ ಕಂಡಂಗೇ ಕಾಣ್ತದೆ!”