ಪಿಸಿಯವರ ದನಿ

ಪಕ್ಕದ ಮನೆಯ ಸರ್ವಮಂಗಳಮ್ಮ ತೀರಿಕೊಂಡ ತಮ್ಮ ಗಂಡನನ್ನು, ಸತ್ತವರನ್ನು ಉಳಿಸಿಕೊಡುವ ಕಂಪನಿಯೊಂದರ ಗೇಮಿನೊಳಗೆ, ಟಿವಿಗೆ ಜೋಡಿಸುವ ಕನ್ಸೋಲಿನಲ್ಲಿ ಇಟ್ಟಿದ್ದರು. ಅಪ್‌ಡೇಟ್ ಬಂದಂತೆಲ್ಲ ಆತ ಮೊದಲಿನಂತೆಯೇ ಕೆಮ್ಮುತ್ತಿದ್ದ, ನಗುತ್ತಿದ್ದ. ಹೇಮಲತಾಳ ಗಂಡ ದಯಾನಂದ ಮಾತ್ರ ಸಾಯುವ ಮುಂಚೆ, "ನನ್ನನ್ನ ಪಿಸಿಗೇ ಹಾಕು, ಕನ್ಸೋಲು ಮಕ್ಕಳಾಟ" ಎಂದು ಹಟ ಹಿಡಿದಿದ್ದ. ಕಂಪನಿ ಕಂಪ್ಯೂಟರಿನಲ್ಲಿದ್ದ ಪಿಸಿಯವರಿಗೆ ಅಪ್‌ಡೇಟ್ ಕಳಿಸುವುದನ್ನೇ ಮರೆತುಬಿಟ್ಟಿತು. ದಯಾನಂದನ ದನಿ ಹೋಗಿ, ಪರದೆಯಲ್ಲಿ ತುಟಿಯಷ್ಟೇ ಆಡುತ್ತಿತ್ತು.

ಕಾದು ಬೇಸತ್ತ ಪಿಸಿ ಆಟಗಾರನೊಬ್ಬ ದನಿ ಸರಿಪಡಿಸುವ ಪ್ಯಾಚನ್ನು ತಾನೇ ಬರೆದು ಎಲ್ಲರಿಗೂ ಹಂಚಿದ. ಹೇಮಲತಾ ಹಾಕಿಕೊಂಡಳು.

"ಹೇಮಾ, ಊಟ ಆಯ್ತಾ?" ದಯಾನಂದ ಕೇಳಿದ. ದನಿ ಮಾತ್ರ ಯಾರೋ ಮುದುಕನದು.

ಅವಳು ಪ್ಯಾಚ್ ಬರೆದವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾ, ನನ್ನ ಹತ್ರ ಇದ್ದಿದ್ದು ತೀರಿಹೋದ ನಮ್ಮಪ್ಪನ ದನಿ ಒಂದೇ. ಪಿಸೀಲಿರೋರಿಗೆಲ್ಲ ಅದನ್ನೇ ಹಾಕ್ದೆ."

ಪರದೆಯೊಳಗೆ ದಯಾನಂದ ಫೋನಿನತ್ತ ತಿರುಗಿದ.

"ಮಗಾ, ಯಾಕೋ ಇಷ್ಟು ದಿನ ಫೋನೇ ಮಾಡ್ಲಿಲ್ಲ?"

ದಯಾನಂದನಿಗೆ ಮಕ್ಕಳಿರಲಿಲ್ಲ.